ಕಪಾಟಿಗೆ ಮೊದಲು ಯಾವ ಪ್ಲೇಟು?

ಮನೆಗೆ ಬಂದವರು ಹಿಂದೂಸ್ತಾನಿ ಸಂಗೀತದ ರೆಕಾರ್ಡು (ನಮ್ಮ ಬಾಯಲ್ಲಿ ಪ್ಲೇಟು) ತುಂಬಿದ ನನ್ನ ಕಪಾಟು ನೋಡಿ ಕೇಳುವುದು ಎರಡೇ ಪ್ರಶ್ನೆ. "ಎಷ್ಟ ಅದಾವ್ರಿ ಇವು?" ಎಂಬುದು ಮೊದಲನೆಯದು. ಎರಡನೆಯದು ಸ್ವಲ್ಪ ತಡೆದು, ಚಹಾ ಮುಗಿಯುವ ಹೊತ್ತಿಗೆ ಬರುತ್ತದೆ: "ನಾನೂ ಸುರು ಮಾಡಬೇಕಂದ್ರ ಯಾವುದ್ರಿಂದ ಸುರು ಮಾಡ್ಲಿ?" ಎಣಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು, ಹಾಗಾಗಿ ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯದಕ್ಕೆ ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ.

ನನ್ನ ಸಲಹೆಯ ತಿರುಳು ಇಷ್ಟು. ಹೆಸರಾಂತರ ಪಟ್ಟಿ ಹಿಡಿದುಕೊಂಡು ಕೊಳ್ಳಲು ಹೋಗಬೇಡಿ, ಗುರುವಿನ ಸಾಲು ಹಿಡಿದು ಹೋಗಿ. ಹುಬ್ಬಳ್ಳಿ-ಧಾರವಾಡದವರಿಗೆ ಆ ಸಾಲಿನ ಗಾಯಕರ ಊರುಗಳು ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರದಲ್ಲಿವೆ: ಕುಂದಗೋಳ, ಮನಸೂರ, ಯಲಿವಾಳ, ಗದಗ, ರೋಣ. ಒಬ್ಬರ ದನಿ ಕೇಳಿದ ಮೇಲೆ ಅವರಿಗೆ ಕಲಿಸಿದವರ ದನಿ, ಆಮೇಲೆ ಅವರ ಜೊತೆ ಕಲಿತವರ ದನಿ. ಈ ಕ್ರಮದಲ್ಲಿ ಕೊಂಡ ಹತ್ತು ರೆಕಾರ್ಡುಗಳು ಒಂದಕ್ಕೊಂದು ಮಾತಾಡುತ್ತವೆ. ಕ್ರಮವಿಲ್ಲದೆ ಕೊಂಡ ನೂರು ಧೂಳು ಕುಡಿಯುತ್ತ ಕೂತಿರುತ್ತವೆ. ನನ್ನ ಮೊದಲ ಮೂರು ವರ್ಷದ ಖರೀದಿಯೆಲ್ಲ ಇಂಥದ್ದೇ.

ಮೊದಲ ಹೆಜ್ಜೆ: ಯಂತ್ರ ಯಾವುದು, ಅದನ್ನು ತೀರ್ಮಾನಿಸಿ

ರೆಕಾರ್ಡ್ ಕೊಳ್ಳುವ ಮೊದಲು ಅದನ್ನು ಯಾವುದರ ಮೇಲೆ ಹಚ್ಚುತ್ತೀರಿ ಎಂಬುದು ಗಟ್ಟಿಯಾಗಲಿ. ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹತ್ತು ಇಂಚಿನದಾದರೆ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು. ಅದು ಅರಗಿನದು, ಭಾರ ಹೆಚ್ಚು, ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ. ಎಲ್‌ಪಿ (ಲಾಂಗ್ ಪ್ಲೇ ರೆಕಾರ್ಡು) ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, 33⅓ ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಎರಡರ ಗೆರೆಯ ಅಗಲ ಬೇರೆ, ಆದ್ದರಿಂದ ಮುಳ್ಳೂ ಬೇರೆ. ಎಲ್‌ಪಿಯ ಸಣ್ಣ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ತಳದಲ್ಲಿ ಒರೆಸಿಕೊಂಡು ಹೋಗಿ ಬರೀ ಗರಗರ ಕೇಳಿಸುತ್ತದೆ. 78ರ ದಪ್ಪ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟರೆ ರೆಕಾರ್ಡೇ ಹಾಳು.

ಹೊಸಬರಿಗೆ ನಾನು ಹೇಳುವುದು: ಎಲ್‌ಪಿ ಮತ್ತು ಸಿಡಿಯಿಂದ ಶುರು ಮಾಡಿ. ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರು ನೋಡಲು ಚೆಂದ, ಆದರೆ ಅಂಥ ಬಹಳಷ್ಟರಲ್ಲಿ ಮುಳ್ಳಿನ ಭಾರ ಹೆಚ್ಚು, ಭಾರವನ್ನು ಕಡಿಮೆ ಮಾಡಿಕೊಳ್ಳುವ ತಿರುಪೂ ಇರುವುದಿಲ್ಲ. ಆ ದುಡ್ಡಿಗೆ ಇನ್ನಷ್ಟು ಕೂಡಿಸಿ, ತೋಳಿನ ಹಿಂದೆ ಭಾರ ಹೊಂದಿಸುವ ಗುಂಡು ಇರುವ ಟರ್ನ್‌ಟೇಬಲ್ ಕೊಳ್ಳಿ. ನಿಮ್ಮ ಆಂಪ್ಲಿಫೈಯರಿನಲ್ಲಿ 'ಫೋನೋ' ಎಂದು ಬರೆದ ತೂತು ಇದೆಯೋ ಇಲ್ಲವೋ ನೋಡಿಕೊಳ್ಳಿ. ಇಲ್ಲದಿದ್ದರೆ ನಡುವೆ ಒಂದು ಫೋನೋ ಪ್ರೀಆಂಪ್ (ದನಿ ಹಿಗ್ಗಿಸುವ ಸಣ್ಣ ಪೆಟ್ಟಿಗೆ) ಬೇಕು, ಇಲ್ಲವಾದರೆ ಭೀಮಸೇನರ ದನಿಯೂ ಸೊಳ್ಳೆಯ ಹಾಗೆ ಕೇಳಿಸುತ್ತದೆ. 78ರ ಪ್ಲೇಟುಗಳ ಹಾಡು ಸಿಡಿಯಲ್ಲೂ ಅಂತರ್ಜಾಲದಲ್ಲೂ ಸಿಗುತ್ತದೆ. ಮೂಲ ಪ್ಲೇಟಿನ ಹಂಬಲ ಆಮೇಲೆ ತಾನಾಗಿಯೇ ಹತ್ತುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಎರಡನೆಯ ಹೆಜ್ಜೆ: ಒಂದೇ ರಾಗ, ಒಂದೇ ಮನೆತನ, ಬೇರೆ ಬೇರೆ ದನಿ

ಮೊದಲ ತಿಂಗಳು ಶುದ್ಧ ಕಲ್ಯಾಣ ಒಂದೇ ರಾಗ ಸಾಕು. ಸ್ವರ ಹತ್ತುವಾಗ ಭೂಪಾಲಿ ರಾಗದ ಹಾಗೆ, ಇಳಿಯುವಾಗ ಕಲ್ಯಾಣ ರಾಗದ ನೆರಳು. ಕಿವಿ ಇನ್ನೂ ಪಳಗದವರಿಗೂ ಕೈಗೆ ಸಿಗುವ ರಾಗ. ಕಿರಾಣಾ ಘರಾಣೆಯವರಿಗೆ, ಅಂದರೆ ಆ ಗಾಯನದ ಮನೆತನದವರಿಗೆ, ಇದು ಮನೆಯ ರಾಗವಿದ್ದಂತೆ.

ಇದರಲ್ಲಿ ಮೊದಲು ಭೀಮಸೇನ ಜೋಶಿಯವರದನ್ನು ಕೇಳಿ. ಆಮೇಲೆ ಅವರ ಗುರುವಿನ ಗುರು ಅಬ್ದುಲ್ ಕರೀಂ ಖಾನರ (1872–1937) ಮೂರು ನಿಮಿಷದ ಪ್ಲೇಟು. ಭೀಮಸೇನರು ದ್ರುತದಲ್ಲಿ (ವೇಗದ ಲಯದಲ್ಲಿ) ಹಾಡುವ 'ಮಂದರ ಬಾಜೋ' ಎಂಬ ಚೀಜನ್ನೇ (ಹಾಡನ್ನೇ) ಖಾನ್‌ಸಾಹೇಬರೂ ಹಾಡಿದ್ದಾರೆ. ಒಬ್ಬರದು ಸಿಡಿಲು ತುಂಬಿದ ಮೋಡ, ಇನ್ನೊಬ್ಬರದು ಎಣ್ಣೆಯ ಎಳೆ. ಎರಡೂ ಒಂದೇ ಮನೆಯದು ಎಂಬುದು ನಾಲ್ಕನೆಯ ಸಲ ಕೇಳುವಾಗ ಹೊಳೆಯುತ್ತದೆ. ಮೊದಲನೆಯ ಸಲಕ್ಕೇ ಹೊಳೆಯಿತು ಅನ್ನುವವರನ್ನು ನಾನು ನಂಬುವುದಿಲ್ಲ.

ಖಾನ್‌ಸಾಹೇಬರ ಸಂಕಲನ ಕೊಳ್ಳುವಾಗ ಎರಡು ಸಂಗತಿ ಗಮನದಲ್ಲಿರಲಿ. ಅವರು 1905ರ ಸುಮಾರಿಗೆ ಒಂದಿಷ್ಟು, 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಇನ್ನೊಂದಿಷ್ಟು ಪ್ಲೇಟು ಕೊಟ್ಟರು. ಮೊದಲಿನವು ತುತ್ತೂರಿಗೆ ಬಾಯಿ ಕೊಟ್ಟು ಹಾಡಿದ ಕಾಲದವು, ಎರಡನೆಯವು ಮೈಕಿನ ಕಾಲದವು. ಹೊಸಬರು ಎರಡನೆಯವನ್ನೇ ಕೊಳ್ಳಲಿ. ಇನ್ನೊಂದು, ಹಳೆ ಪ್ಲೇಟುಗಳನ್ನು ಸಿಡಿಗೆ ಇಳಿಸುವಾಗ ಸುತ್ತಿನ ವೇಗ ಹೆಚ್ಚುಕಡಿಮೆಯಾಗಿ ಶ್ರುತಿಯೇ ಏರಿಬಿಟ್ಟಿರುತ್ತದೆ. ಒಂದೇ ಹಾಡು ಎರಡು ಸಂಕಲನದಲ್ಲಿದ್ದರೆ ಹಾರ್ಮೋನಿಯಂ ಹಿಡಿದು ಷಡ್ಜ (ಸಾ) ಹೊಂದಿಸಿ ನೋಡಿ. ದನಿ ತೀರ ಸಣ್ಣಗೆ, ತಾನ್‌ಗಳು (ಸ್ವರಗಳ ಓಟ) ತೀರ ಅವಸರವಾಗಿ ಕೇಳಿದರೆ ಅದು ಗಾಯಕರ ತಪ್ಪಲ್ಲ.

ಖಾನ್‌ಸಾಹೇಬರ ಝಿಂಝೋಟಿ ರಾಗದ ಠುಮ್ರಿಯನ್ನೂ (ಭಾವಪ್ರಧಾನವಾದ ಹಗುರ ಹಾಡು) ತಪ್ಪದೆ ಇಟ್ಟುಕೊಳ್ಳಿ. 1922ರಲ್ಲಿ ರೋಣದಲ್ಲಿ ಹುಟ್ಟಿದ ಹುಡುಗ ಭೀಮಸೇನ ಅಂಗಡಿಯಲ್ಲಿ ಖಾನ್‌ಸಾಹೇಬರ ಪ್ಲೇಟು ಕೇಳಿ ಹುಚ್ಚು ಹತ್ತಿಸಿಕೊಂಡು, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ಗದಗಿನ ಕಡೆ ಎಲ್ಲರಿಗೂ ಗೊತ್ತು. ಗ್ವಾಲಿಯರ್‌ವರೆಗೆ ಅಲೆದು ಕಡೆಗೆ 1936ರಲ್ಲಿ ಆತ ಶಿಷ್ಯನಾದದ್ದು ಕುಂದಗೋಳದ ಸವಾಯಿ ಗಂಧರ್ವರಿಗೆ. ಕೊಂಡ ಪ್ಲೇಟನ್ನು ಎಲ್ಲರಿಗೂ ಕೇಳುವ ಹಾಗೆ ಹಚ್ಚಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಹೊರಗೆ ಯಾರು ನಿಂತು ಕೇಳುತ್ತಿರುತ್ತಾರೋ ಯಾರಿಗೆ ಗೊತ್ತು.

ನಡುವಿನ ಕೊಂಡಿ ಸವಾಯಿ ಗಂಧರ್ವರು (1886–1952). ಇವರ ಪ್ಲೇಟುಗಳು ಬಹಳವಿಲ್ಲ, ಎಲ್ಲ ಸೇರಿಸಿದರೂ ಒಂದು ಸಂಜೆಗೆ ಮುಗಿಯುತ್ತವೆ. ನಾಟಕದಲ್ಲಿ ಸ್ತ್ರೀಪಾತ್ರ ಮಾಡಿ ಮರಾಠಿ ಸೀಮೆಯಲ್ಲಿ ಹೆಸರಾದವರು, ಕುಂದಗೋಳದ ನಾಡಿಗೇರ ವಾಡೆಯ ಆಸರೆಯಲ್ಲಿ ಖಾನ್‌ಸಾಹೇಬರಿಂದ ಕಲಿತವರು. ದನಿ ಸುಲಭವಾಗಿ ಹೊರಡುತ್ತಿರಲಿಲ್ಲ, ಅದನ್ನು ದುಡಿದು ದುಡಿದು ಪಳಗಿಸಿದರು ಎಂದು ಹಿರಿಯರು ಹೇಳುತ್ತಾರೆ. ಪ್ಲೇಟಿನ ಮೂರು ನಿಮಿಷದಲ್ಲೂ ಆ ದುಡಿಮೆ ಕೇಳಿಸುತ್ತದೆ. ಇವರ ಸಂಕಲನ ಕಣ್ಣಿಗೆ ಬಿದ್ದ ದಿನವೇ ಕೊಂಡುಬಿಡಿ.

ಮೂರನೆಯ ಹೆಜ್ಜೆ: ಗಂಗೂಬಾಯಿಯವರ ಎರಡೂ ದನಿ

ಈ ಬರಹದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಂಗೂಬಾಯಿ ಹಾನಗಲ್ಲರ (1913–2009) ಎಲ್‌ಪಿ ಒಂದು ನಿಮ್ಮಲ್ಲಿದ್ದರೆ ನಿಮ್ಮಲ್ಲಿರುವುದು ಅರ್ಧ ಗಂಗೂಬಾಯಿ.

ಹುಟ್ಟು ಹೆಸರು ಗಾಂಧಾರಿ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದಾಗ ಪ್ಲೇಟಿನ ಮೇಲೆ ಅಚ್ಚಾದದ್ದೂ ಆ ಹೆಸರೇ, ಪಕ್ಕದಲ್ಲಿ ಹುಬ್ಬಳ್ಳಿಯ ಹೆಸರು. ಆ ಪ್ಲೇಟುಗಳಲ್ಲಿ ಇರುವುದು ಎತ್ತರದ ಶ್ರುತಿಯ, ತೆಳುವಾದ, ಚುರುಕಾದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಗಿ ದನಿ ತಗ್ಗಿತು, ದಪ್ಪವಾಯಿತು. ನಾವು ರೇಡಿಯೋದಲ್ಲಿ, ಕಛೇರಿಯಲ್ಲಿ ಕೇಳಿ ಬೆಳೆದದ್ದು ಆ ಎರಡನೆಯ ದನಿಯನ್ನು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಇವರು ಆ ದನಿಗೆ ತಕ್ಕಂತೆ ಗಾಯನವನ್ನೇ ಕಟ್ಟಿಕೊಂಡರು.

ಕೇಳುವ ಕ್ರಮ ಹೀಗಿರಲಿ. ಮೊದಲು ಗಾಂಧಾರಿಯ ಒಂದು ಪ್ಲೇಟು. ಸುಮ್ಮನೆ ಹತ್ತು ನಿಮಿಷ ಬಿಡಿ. ಆಮೇಲೆ ನಡುವಯಸ್ಸಿನ ಒಂದು ದೀರ್ಘ ರಾಗ ಹಚ್ಚಿ, ಮಗಳು ಕೃಷ್ಣಾ ಹಾನಗಲ್ ಜೊತೆಗೂಡಿ ಹಾಡಿದ್ದಾದರೆ ಇನ್ನೂ ಒಳ್ಳೆಯದು. ತಾಯಿಯ ದನಿ ನೆಲದ ಹಾಗೆ, ಮಗಳ ದನಿ ಅದರ ಮೇಲೆ ಹಾಸಿದ ಬೆಳಕಿನ ಹಾಗೆ. ತಾಯಿ ಒಂದು ಸ್ವರದ ಮೇಲೆ ನಿಂತಾಗ ಮಗಳು ಎಲ್ಲಿ ಒಳಗೆ ಬರುತ್ತಾರೆ, ಎಲ್ಲಿ ಹಿಂದೆ ಸರಿಯುತ್ತಾರೆ ಎಂಬುದನ್ನಷ್ಟೇ ಲಕ್ಷ್ಯವಿಟ್ಟು ಒಂದು ಸಲ ಕೇಳಿ. ಕೃಷ್ಣಾ ಅವರು 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಆ ವರ್ಷದ ನಂತರ ಈ ಜೋಡಿದನಿ ಉಳಿದಿರುವುದು ಮುದ್ರಿಕೆಗಳಲ್ಲಿ ಮಾತ್ರ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಈಗಲೂ ಆ ಹಾದಿಯಲ್ಲಿ ರೈಲಿದೆ. ಒಮ್ಮೆ ಅವರ ಹಾಡು ಕಿವಿಗೆ ಹಚ್ಚಿಕೊಂಡು ಆ ದಾರಿ ಹೋಗಿಬನ್ನಿ ಎಂದು ನಾನು ಒಬ್ಬ ತರುಣನಿಗೆ ಹೇಳಿದ್ದೆ. "ವಿಲಂಬಿತ ಮುಗಿಯೂದ್ರಾಗ ಕುಂದಗೋಳ ಬಂದಬಿಟ್ಟಿತ್ರಿ ಸರ" ಅಂದ. ವಿಲಂಬಿತ ಅಂದರೆ ರಾಗದ ನಿಧಾನ ಲಯದ ಭಾಗ.

ನಾಲ್ಕನೆಯ ಹೆಜ್ಜೆ: ಮನಸೂರರಿಗೆ ಕಿವಿ ಬದಲಿಸಿ

ಕಿರಾಣಾದ ಸಾವಕಾಶಕ್ಕೆ ಒಗ್ಗಿದ ಕಿವಿಗೆ ಮಲ್ಲಿಕಾರ್ಜುನ ಮನಸೂರರು (1910–1992) ಮೊದಲಿಗೆ ಅವಸರದವರಂತೆ ಕೇಳಿಸುತ್ತಾರೆ. ಉದ್ದದ ಪೀಠಿಕೆಯಿಲ್ಲ, ಬಂದಿಶಿನ (ಹಾಡಿನ) ಮುಖ ಹಿಡಿದವರೇ ನೇರ ಒಳಗೆ. ಒಂದು ಸ್ವರವಾಕ್ಯ ಮುಗಿಯುವ ಮೊದಲೇ ಇನ್ನೊಂದು ಅದರೊಳಗಿಂದ ಹುಟ್ಟಿರುತ್ತದೆ. ಮೊದಲು ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆಯ ರೀತಿ ಕಲಿತು, ಆಮೇಲೆ ಮಂಜಿಖಾನ್, ಬುರ್ಜಿಖಾನ್ ಸಹೋದರರಿಂದ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಪಡೆದವರು. ಆದ್ದರಿಂದ ಇವರಲ್ಲೂ ಎರಡು ಕಾಲದ ಮುದ್ರಿಕೆ ಕೊಳ್ಳಬೇಕು: ತಾರುಣ್ಯದ ಎಚ್‌ಎಂವಿ ಪ್ಲೇಟುಗಳು ಮತ್ತು ಎಪ್ಪತ್ತು ದಾಟಿದ ಮೇಲಿನವು. ಎರಡರಲ್ಲಿ ನನಗೆ ಹೆಚ್ಚು ಬೇಕಾದದ್ದು ಮುದಿವಯಸ್ಸಿನದು. ದನಿಯಲ್ಲಿ ಬಿರುಕು ಬಿದ್ದಿದೆ, ಬುದ್ಧಿಯಲ್ಲಿ ಒಂದು ಕೂದಲೂ ಅಲುಗಿಲ್ಲ.

ಕೊಳ್ಳುವಾಗ ಪರಿಚಿತ ರಾಗದ ಹಿಂದೆ ಹೋಗಬೇಡಿ. ಯಮನ್, ಮಾಲಕಂಸ ಬೇರೆಯವರಲ್ಲೂ ಸಿಗುತ್ತವೆ. ಮನಸೂರರಲ್ಲಿ ಹುಡುಕಬೇಕಾದದ್ದು ಶಿವಮತ ಭೈರವ, ಲಲಿತಾ ಗೌರಿ, ಸಂಪೂರ್ಣ ಮಾಲಕಂಸ, ಖಟ್, ಬಹಾದುರಿ ತೋಡಿಯಂಥವು. ಹೆಸರು ಕೇಳಿ ಹೆದರಬೇಡಿ. ರಾಗದ ವ್ಯಾಕರಣ ಗೊತ್ತಿಲ್ಲದ ನನ್ನ ಹೆಂಡತಿಗೆ ಅತಿ ಇಷ್ಟವಾದದ್ದು ಶಿವಮತ ಭೈರವ. ಮುಂಜಾನೆ ಅಡಿಗೆಮನೆಯಿಂದಲೇ "ಆ ಅಜ್ಜಂದ ಹಚ್ರಿ" ಅನ್ನುತ್ತಾಳೆ.

ಇವರ ವಚನಗಾಯನವನ್ನೂ ಬೇರೆಯಾಗಿ ಕೊಳ್ಳಿ. ಅಕ್ಕನ 'ಅಕ್ಕ ಕೇಳವ್ವಾ' ವಚನ ಕನ್ನಡ ಮನೆಯ ಯಾವ ಸಂಗ್ರಹದಲ್ಲೂ ಇಲ್ಲದಿರಬಾರದು ಎಂಬ ಹಟ ನನಗಿದೆ. ಧಾರವಾಡದಲ್ಲಿ ಅವರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ. ರೆಕಾರ್ಡ್ ಕೊಂಡ ಮೇಲೆ ಅಲ್ಲಿಗೆ ಒಂದು ಸಲ ಹೋಗಿಬನ್ನಿ.

ಐದನೆಯ ಹೆಜ್ಜೆ: ಗದಗಿನ ಆಶ್ರಮದ ಸಾಲು

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ (1892–1944) ಶಿಷ್ಯಪರಂಪರೆ ದೊಡ್ಡದು. ಅದರಲ್ಲಿ ಕಪಾಟಿಗೆ ಮೊದಲು ಬರಬೇಕಾದವರು ಬಸವರಾಜ ರಾಜಗುರು (1920–1991). ಖಯಾಲ್, ಠುಮ್ರಿ, ನಾಟ್ಯಗೀತ, ವಚನ ಎಲ್ಲವನ್ನೂ ಒಂದೇ ಕಛೇರಿಯಲ್ಲಿ ಹಾಡಿ, ಯಾವುದನ್ನೂ ಕೆಳಗಿನದೆಂದು ಹಾಡದವರು. ಇವರ ವಿಷಯದಲ್ಲಿ ಅಂಗಡಿಗಿಂತ ರೇಡಿಯೋ ಮುಖ್ಯ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು ಈ ಭಾಗದ ಗಾಯಕರಿಗೆ ಸಿಕ್ಕ ವರವೇ ಸರಿ. ಪ್ರಸಾರ ಭಾರತಿಯ ಸಂಗ್ರಹದಿಂದ ಹೊರಬಂದ ಸಿಡಿಗಳು, ಅವರ ಯೂಟ್ಯೂಬ್ ವಾಹಿನಿ ಎರಡನ್ನೂ ಹುಡುಕಿ. ಪುಟ್ಟರಾಜ ಗವಾಯಿಗಳ (1914–2010) ಗಾಯನದ ಜೊತೆ ವಾದನವನ್ನೂ ಕೇಳಿ. ಆಶ್ರಮದಲ್ಲಿ ಕಲಿತು ಧಾರವಾಡದಲ್ಲಿ ನೆಲೆಸಿದ ಎಂ. ವೆಂಕಟೇಶಕುಮಾರರ ಸಿಡಿಗಳು ಸುಲಭವಾಗಿ ಸಿಗುತ್ತವೆ. ಆದರೆ ಅವರದನ್ನು ಎದುರಿಗೆ ಕೂತು ಕೇಳುವ ಅವಕಾಶ ನಮಗಿದೆ, ಸಿಡಿಯ ದುಡ್ಡನ್ನು ಬಸ್ಸಿಗೆ ಹಾಕಿ.

ವಾದ್ಯದ ಕಡೆಗೆ ಒಂದೇ ಹೆಸರು ಹೇಳುತ್ತೇನೆ. ಧಾರವಾಡಕ್ಕೆ ಸಿತಾರ್ ತಂದ ರಹಿಮತ್ ಖಾನರ ಮೊಮ್ಮಗ ಬಾಲೇಖಾನ್. ಮಳೆಗಾಲದ ಸಂಜೆ, ಕರೆಂಟು ಹೋಗುವ ಮೊದಲು ಹಚ್ಚಿಬಿಡಿ.

ಆರನೆಯದು: ಕನ್ನಡದ ಹಾಡಿನ ಅಂಕಣ

ಭೀಮಸೇನರ 'ದಾಸವಾಣಿ' ಬಹುತೇಕ ಎಲ್ಲರ ಮನೆಯಲ್ಲಿದೆ. ಇಲ್ಲದಿದ್ದರೆ ನಾಳೆಯೇ ತನ್ನಿ. ಶಿಶುನಾಳ ಶರೀಫರ ಹಾಡುಗಳಿಗೆ ಸಿ. ಅಶ್ವತ್ಥರ ಮುದ್ರಿಕೆ ಎಲ್ಲರಿಗೂ ಪರಿಚಿತ, ನನಗೂ ಇಷ್ಟ. ಆದರೂ ಹೇಳುವುದನ್ನು ಹೇಳಿಬಿಡುತ್ತೇನೆ: ಶಿಗ್ಗಾವಿ ತಾಲೂಕಿನ ಹಳ್ಳಿಯ ಭಜನಿ ಮೇಳದವರು ದಮ್ಮಡಿ, ತಾಳ, ಏಕತಾರಿ ಹಿಡಿದು ನಡುರಾತ್ರಿ ಹಾಡುವ ತತ್ವಪದದ ಮುಂದೆ ಸ್ಟುಡಿಯೋದ ಪಿಟೀಲುಗಳು ಸಕ್ಕರೆ ಹೆಚ್ಚಾದ ಚಹಾದಂತೆ. ಅಂಥ ಮೇಳವನ್ನು ಅವರ ಒಪ್ಪಿಗೆ ಕೇಳಿ ನಿಮ್ಮ ಮೊಬೈಲಿನಲ್ಲೇ ಮುದ್ರಿಸಿಕೊಳ್ಳಿ, ಅದೂ ಸಂಗ್ರಹವೇ. ಮೊಬೈಲನ್ನು ತಾಳದವರಿಂದ ದೂರ ಇಡಿ, ಹಾಡುವವರ ಹತ್ತಿರ ಇಡಿ, ಕೆಳಗೆ ಮಡಚಿದ ಟವೆಲ್ ಹಾಕಿ.

ಹಳೆಯದನ್ನು ಕೊಳ್ಳುವಾಗ

ಗುಜರಿ ಅಂಗಡಿಯಾಗಲಿ, ಮನೆ ಖಾಲಿ ಮಾಡುವವರಾಗಲಿ, ಪರೀಕ್ಷೆ ಒಂದೇ. ಮೊದಲು ಕವರಿನಿಂದ ತೆಗೆದು ಒಳಗಿನ ಲೇಬಲ್ ಓದಿ. ನಾನು ಒಮ್ಮೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕವರು ನೋಡಿಯೇ ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಮನೆಗೆ ಬಂದು ಹಚ್ಚಿದರೆ ಮಕ್ಕಳ ಇಂಗ್ಲಿಷ್ ಪದ್ಯ. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿ: ಮೇಲಿನ ಕೂದಲುಗೀರು ಅಷ್ಟಾಗಿ ಕೇಳಿಸುವುದಿಲ್ಲ, ಉಗುರಿಗೆ ತಗಲುವ ಗೀರು ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ. ನಡುವಿನ ತೂತಿನ ಸುತ್ತ ಜೇಡರ ಬಲೆಯಂಥ ಗೆರೆಗಳು ಬಹಳವಿದ್ದರೆ ಅದನ್ನು ಸಿಕ್ಕಾಪಟ್ಟೆ ಹಚ್ಚಿದ್ದಾರೆ ಎಂದರ್ಥ. ಗಾಜಿನ ಮೇಜಿನ ಮೇಲಿಟ್ಟು ಸೊಟ್ಟ ಎಷ್ಟಿದೆ ನೋಡಿ. 78ರ ಪ್ಲೇಟಾದರೆ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ಬಡಿದು ನೋಡಿ. ಸರಿಯಿದ್ದದ್ದು ಗಡಿಗೆಯ ಹಾಗೆ ನಾದ ಕೊಡುತ್ತದೆ, ಬಿರುಕಿದ್ದದ್ದು ಒಡಕು ಸದ್ದು ಮಾಡುತ್ತದೆ. ಚೌಕಾಶಿ ಮಾಡುವಾಗ ಗಾಯಕರ ಹೆಸರನ್ನು ಬಾಯಿಬಿಟ್ಟು ಕೊಂಡಾಡಬೇಡಿ, ಅಲ್ಲೇ ಬೆಲೆ ಏರುತ್ತದೆ.

ತೊಳೆಯುವುದು, ಇಡುವುದು

ಎಲ್ಲಕ್ಕಿಂತ ದುಬಾರಿ ಪಾಠ ಕಲಿತದ್ದು ಇಲ್ಲಿಯೇ. ಎಲ್‌ಪಿಗಳನ್ನು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಸ್ಪಿರಿಟ್ಟು ಬೆರೆಸಿ ಒರೆಸುತ್ತಿದ್ದೆ, ಚೆನ್ನಾಗಿಯೇ ಆಗುತ್ತಿತ್ತು. ಅದೇ ಹುರುಪಿನಲ್ಲಿ ಅಜ್ಜನ ಕಾಲದ ಒಂದು 78ರ ಪ್ಲೇಟಿಗೂ ಅದೇ ಬಟ್ಟೆ ಹಚ್ಚಿದೆ. ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ತಿಕ್ಕಿದೆ. ಬಿಟ್ಟದ್ದು ಕೊಳೆಯಲ್ಲ, ಪ್ಲೇಟೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂದು ಬಡಗಿಯನ್ನು ಕೇಳಿದ್ದರೂ ಹೇಳುತ್ತಿದ್ದ, ಪಾಲಿಶ್ ಮಾಡುವುದೇ ಹಾಗೆ. 78ಕ್ಕೆ ಬರೀ ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಶ್, ಲೇಬಲ್ಲಿಗೆ ನೀರು ತಾಗದ ಹಾಗೆ. ಕೂಡಲೇ ಒರೆಸಿ ಒಣಗಿಸಿ.

ನಮ್ಮ ಕಡೆ ಶತ್ರುಗಳು ಎರಡು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿಗೆ ಕವರಿನ ಬೂಸು. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಹೊರಗೋಡೆಗೆ ಕಪಾಟು ತಾಗಿಸಬೇಡಿ, ನಾಲ್ಕು ಬೆರಳು ಗಾಳಿಯಾಡಲು ಬಿಡಿ. ಏಪ್ರಿಲ್ ತಿಂಗಳಲ್ಲಿ ಕಾರಿನೊಳಗೆ ಎಲ್‌ಪಿ ಬಿಟ್ಟು ಊಟಕ್ಕೆ ಹೋದರೆ ತಿರುಗಿ ಬರುವುದರಲ್ಲಿ ಹಪ್ಪಳವಾಗಿರುತ್ತದೆ.

ಅಟ್ಟದ ಮೇಲಿನ ಕ್ಯಾಸೆಟ್ಟು

ಹೊಸದನ್ನು ಕೊಳ್ಳುವ ಹುರುಪಿನಲ್ಲಿ ಇದನ್ನು ಮರೆಯಬೇಡಿ. ಈ ಭಾಗದ ಎಷ್ಟೋ ಮನೆಗಳಲ್ಲಿ ರೇಡಿಯೋದಿಂದ ಹಿಡಿದಿಟ್ಟ, ಗುಡಿಯ ಜಾತ್ರೆಯಲ್ಲಿ, ಮದುವೆಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳು ಬಿಸ್ಕಿಟ್ ಡಬ್ಬಿಯಲ್ಲಿ ಬಿದ್ದಿವೆ. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಹಚ್ಚುವ ಮೊದಲು ಕ್ಯಾಸೆಟ್ಟಿನ ಬಾಯಲ್ಲಿ ಟೇಪನ್ನು ಒತ್ತಿಹಿಡಿಯುವ ಸಣ್ಣ ಸ್ಪಂಜು ಉದುರಿದೆಯೇ ನೋಡಿ. ಉದುರಿದ್ದರೆ ಬೇರೆ ಬೇಡದ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಯನ್ನು ವರ್ಗಾಯಿಸಿ. ಐದು ತಿರುಪಿನ ಚಿಪ್ಪು ಸಿಕ್ಕರೆ ಕೆಲಸ ಹಗುರ. ಬಿಳಿ ಬೂಸು ಹಿಡಿದದ್ದನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಬೂಸು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಹಚ್ಚುವ ಮೊದಲು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದೆ ಸುತ್ತಿ.

ಡೆಕ್ಕಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಿ. ವೇವ್ ಅಥವಾ ಫ್ಲ್ಯಾಕ್ (ದನಿಯನ್ನು ಕತ್ತರಿಸದ ಕಡತ) ಆಗಿ ಉಳಿಸಿ, ಎಂಪಿ3 ಮೊಬೈಲಿಗೆ ಮಾತ್ರ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ, 90 ನಿಮಿಷದ ಕ್ಯಾಸೆಟ್ಟಿಗೆ 900 ಎಂಬಿ ಲೆಕ್ಕ ಇಟ್ಟುಕೊಳ್ಳಿ. ಸದ್ದು ಶುದ್ಧ ಮಾಡುವ ಗುಂಡಿಯನ್ನು ಮೂಲ ಕಡತದ ಮೇಲೆ ಒತ್ತಬೇಡಿ, ಅದು ಗರಗರದ ಜೊತೆ ತಂಬೂರಿಯನ್ನೂ ಒರೆಸಿಬಿಡುತ್ತದೆ. ಕಡತದ ಹೆಸರಿನಲ್ಲಿ ಗಾಯಕರು, ರಾಗ, ಊರು, ವರ್ಷ ಬರೆಯಿರಿ. ವರ್ಷ ಗೊತ್ತಿಲ್ಲದಿದ್ದರೆ ಡಬ್ಬಿಯ ಮೇಲಿನ ಕೈಬರಹವನ್ನು ಮನೆಯ ಹಿರಿಯರಿಗೆ ತೋರಿಸಿ ಕೇಳಿ, ಅವರು ಇರುವಾಗಲೇ. ನಮ್ಮ ಅಪ್ಪನ ಒಂದು ಕ್ಯಾಸೆಟ್ಟಿನ ಮೇಲೆ 'ರಾತ್ರಿ 10, ಮಳಿ ಇತ್ತು' ಎಂದಷ್ಟೇ ಇದೆ. ಹಾಡಿದವರು ಯಾರೆಂದು ಕೇಳಲು ನಾನು ತಡಮಾಡಿದೆ. ಒಳ್ಳೆಯ ಪೂರಿಯಾ ರಾಗ, ಹಿಂದೆ ಮಳೆಯೂ ಕೇಳಿಸುತ್ತದೆ.